ಬಿಸಿಲಿನ ಬದಲಿಗೆ

1918–19ರ ಚಳಿಗಾಲ. ಯುದ್ಧದಲ್ಲಿ ಸೋತ ಬರ್ಲಿನ್‌ನಲ್ಲಿ ಮಕ್ಕಳಿಗೆ ಹೊಟ್ಟೆತುಂಬ ಊಟವಿಲ್ಲ, ಮೈಗೆ ಬಿಸಿಲಿಲ್ಲ. ರಿಕೆಟ್ಸ್‌ನಿಂದ ಮೂಳೆ ಮೆತ್ತಗಾಗಿ ಕಾಲು ಬಾಗಿದ ಕೂಸುಗಳನ್ನು ಕುರ್ಟ್ ಹುಲ್ಡ್‌ಶಿನ್‌ಸ್ಕಿ ಎಂಬ ಮಕ್ಕಳ ವೈದ್ಯರು ಪಾದರಸದ ಆವಿಯ ದೀಪದ ಮುಂದೆ ಕೂರಿಸಿದರು. ವಾರಗಳು ಕಳೆದಂತೆ ಮೂಳೆಯ ತುದಿಗಳಲ್ಲಿ ಸುಣ್ಣ ಕೂಡುತ್ತಿರುವುದು ಎಕ್ಸ್‌ರೇಯಲ್ಲಿ ಕಂಡಿತು. ಅವರು ಮಾಡಿದ ಇನ್ನೊಂದು ಪರೀಕ್ಷೆ ನನಗೆ ಎಲ್ಲಕ್ಕಿಂತ ದೊಡ್ಡದು. ಬೆಳಕನ್ನು ಒಂದೇ ತೋಳಿಗೆ ಬಿಟ್ಟರು. ಗುಣವಾದದ್ದು ಎರಡೂ ತೋಳು. ಅಂದರೆ ಚರ್ಮದಲ್ಲಿ ಏನೋ ಒಂದು ತಯಾರಾಗಿ, ರಕ್ತದಲ್ಲಿ ಹರಿದು, ಬೆಳಕು ಕಾಣದ ಮೂಳೆಗೂ ಮುಟ್ಟಿತ್ತು. ಹಾಗೆ ಹರಿದು ಹೋಗುವ ವಸ್ತುವಾದರೆ ಬಾಯಿಂದಲೂ ಕೊಡಬಹುದಲ್ಲ!

ಆ 'ಬಾಯಿಂದಲೂ' ಎಂಬುದರ ಮೇಲೆಯೇ ನನ್ನಂಥವರ ಬದುಕು ನಿಂತಿದೆ. ನನಗೆ ಲೂಪಸ್ ಇದೆ. ಹಪ್ಪಳ ಹರವಲು ಮಾಳಿಗೆ ಹತ್ತಿದರೂ ಸಾಕು, ಕೆನ್ನೆ ಮೂಗು ಕೆಂಪಾಗಿ ಉರಿಯುತ್ತವೆ, ಮರುದಿನ ಬೆರಳಿನ ಗೆಣ್ಣುಗಳು ಮಡಚಲು ಬರುವುದಿಲ್ಲ. ಜೊತೆಗೆ ಸ್ಟೀರಾಯ್ಡ್ ಮಾತ್ರೆ ಮೂಳೆಯನ್ನು ಸವೆಸುತ್ತದೆ. "ಎಳೆಬಿಸಿಲಿಗೆ ಕೂತ್ಕೊಳ್ಳೇ, ವಿಟಮಿನ್ ಡಿ ಮಾತ್ರೆ ಯಾಕೆ?" ಎನ್ನುತ್ತಾರೆ ಸೋದರತ್ತೆ. ಎಣ್ಣೆ ಹಚ್ಚಿ ಎಷ್ಟೋ ಕೂಸುಗಳನ್ನು ಬಿಸಿಲಿಗೆ ಹಿಡಿದ ಕೈ ಅವರದು. ಆ ಕೂಸುಗಳಿಗೆ ಅದು ಸರಿಯೇ. ನನ್ನ ಮೈಗೆ ಒಗ್ಗುವುದಿಲ್ಲ.

ಬರ್ಲಿನ್ ಬಿಟ್ಟ ಪ್ರಶ್ನೆಗೆ ವಿಯೆನ್ನಾದಲ್ಲಿ ಉತ್ತರ ಸಿಕ್ಕಿತು. 1919ರಿಂದ 1922ರವರೆಗೆ ಅಲ್ಲಿನ ಮಕ್ಕಳ ಆಸ್ಪತ್ರೆಯಲ್ಲಿ ದುಡಿದವರು ಇಂಗ್ಲೆಂಡಿನಿಂದ ಬಂದ ಹ್ಯಾರಿಯೆಟ್ ಚಿಕ್ ಮತ್ತು ಅವರ ಸಹೋದ್ಯೋಗಿ ಮಹಿಳೆಯರು. ಆಸ್ಪತ್ರೆಯ ಮುಖ್ಯಸ್ಥ ಪಿರ್ಕೆ ರಿಕೆಟ್ಸನ್ನು ಸೋಂಕು ಎಂದು ನಂಬಿದ್ದವರು. ಆದರೂ ವಾರ್ಡನ್ನು ಇವರ ಕೈಗೆ ಕೊಟ್ಟರು, ಅದು ಅವರ ದೊಡ್ಡತನ. ಕಾಡ್ ಲಿವರ್ ಎಣ್ಣೆ ಕುಡಿದ ಮಕ್ಕಳೂ ಗುಣವಾದರು, ಬೆಳಕಿಗೆ ಮೈಯೊಡ್ಡಿದ ಮಕ್ಕಳೂ ಗುಣವಾದರು. 1922ರಲ್ಲಿ ಅಮೆರಿಕದ ಮೆಕಾಲಮ್ ಆ ಎಣ್ಣೆಯಲ್ಲಿರುವ ಅಂಶವನ್ನು ವಿಟಮಿನ್ ಎಯಿಂದ ಬೇರೆ ಎಂದು ತೋರಿಸಿ ಡಿ ಎಂದು ಕರೆದರು.

ಬಾಯಿಂದ ಕೊಡುವುದು ತಿಳಿದ ಮೇಲೆ ಎಷ್ಟು ಕೊಡಬೇಕೆಂಬುದು ಕಷ್ಟಪಟ್ಟು ಕಲಿತ ಪಾಠ. 1940ರ ದಶಕದಲ್ಲಿ ಫ್ರಾನ್ಸಿನ ಶಾರ್ಪಿ, ಲಂಡನ್ನಿನ ಡೌಲಿಂಗ್ ಮುಂತಾದವರು ಚರ್ಮದ ಕ್ಷಯಕ್ಕೆ ಇದೇ ವಿಟಮಿನ್ನನ್ನು ಭಾರೀ ಪ್ರಮಾಣದಲ್ಲಿ ಕೊಟ್ಟರು. ಆ ಕಾಯಿಲೆಯನ್ನು ಲೂಪಸ್ ವಲ್ಗ್ಯಾರಿಸ್ ಎನ್ನುತ್ತಾರೆ, ನನ್ನದು ಅದಲ್ಲ. ದಿನಕ್ಕೆ 1,00,000 ಯೂನಿಟ್‌ಗೂ ಮೇಲೆ! ಹುಣ್ಣು ಮಾಯ್ದವು, ಆದರೆ ಕೆಲವರ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಸುಸ್ತು, ಕಿಡ್ನಿಗೆ ಪೆಟ್ಟು. ಕ್ಷಯಕ್ಕೆ ಬೇರೆ ಔಷಧ ಬಂದ ಮೇಲೆ ಆ ಚಿಕಿತ್ಸೆ ನಿಂತಿತು. ನಮ್ಮ ಮೆಡಿಕಲ್ ಶಾಪುಗಳಲ್ಲಿ ಸಿಗುವ 60,000 ಯೂನಿಟ್‌ನ ಕ್ಯಾಪ್ಸೂಲನ್ನು ವಾರಕ್ಕೊಂದು ಎಂದು ಬರೆದುಕೊಟ್ಟರೆ, ದಿನಕ್ಕೊಂದು ನುಂಗುವವರನ್ನು ಕಂಡಾಗ ನನಗೆ ಆ ರೋಗಿಗಳೇ ನೆನಪಾಗುತ್ತಾರೆ. ರಕ್ತಪರೀಕ್ಷೆ ನೋಡಿ ವೈದ್ಯರು ಹೇಳಿದಷ್ಟೇ ಸಾಕು. ವಿಟಮಿನ್ ಡಿ ಲೂಪಸ್ಸನ್ನು ವಾಸಿ ಮಾಡುವುದಿಲ್ಲ, ಲೂಪಸ್‌ನ ಔಷಧವಾದ ಹೈಡ್ರಾಕ್ಸಿಕ್ಲೋರೋಕ್ವಿನ್ ಬಿಡುವಂತಿಲ್ಲ. ಮೂಳೆಗೆ ಆಸರೆ, ಅಷ್ಟೆ.

ಇಂದಿನ ಡಿ3 ಬಹುಪಾಲು ತಯಾರಾಗುವುದು ಕುರಿಯುಣ್ಣೆಯ ಜಿಡ್ಡಿನಿಂದ. ಅದರಿಂದ ಕೊಲೆಸ್ಟ್ರಾಲ್ ತೆಗೆದು, ಇನ್ನೊಂದು ರೂಪಕ್ಕೆ ತಂದು, ಅತಿನೇರಳೆ ಬೆಳಕು ಬಿಡುತ್ತಾರೆ. ನನ್ನ ಚರ್ಮ ಬಿಸಿಲಿನಲ್ಲಿ ಮಾಡಬೇಕಿದ್ದ ಕೆಲಸವನ್ನು ಕಾರ್ಖಾನೆಯೊಂದರ ದೀಪ ನನಗಾಗಿ ಮೊದಲೇ ಮಾಡಿಟ್ಟಿರುತ್ತದೆ.