ರತ್ನಗಿರಿಯಿಂದ ರಂಗೂನಿಗೆ

ರಾಜ್ಯಭ್ರಷ್ಟನಾದ ಅರಸನ ಕಥೆಯನ್ನು ಚರಿತ್ರಕಾರರು ಸಾಮಾನ್ಯವಾಗಿ ಅವನ ಸೆರೆಯೊಡನೆಯೇ ಮುಗಿಸಿಬಿಡುವರು. ಅವನ ಮನೆಯವರು ಮರಳಿ ತಮ್ಮ ನೆಲವನ್ನು ಮೆಟ್ಟಿದ ಮೇಲೆ ಏನಾಯಿತೆಂದು ಕೇಳುವವರು ವಿರಳ. ಬ್ರಹ್ಮದೇಶದ ಕಡೆಯ ಅರಸನಾದ ಥೀಬಾನ ಕುಟುಂಬದ ವೃತ್ತಾಂತವು ಈ ದೃಷ್ಟಿಯಿಂದ ವಿಚಾರಯೋಗ್ಯವಾದುದು.

ಥೀಬಾನು 1878ರಲ್ಲಿ ತಂದೆಯ ತರುವಾಯ ಮಂಡಾಲೆಯ ಸಿಂಹಾಸನವನ್ನೇರಿದನು. ಮರುವರ್ಷ ರಾಜವಂಶದ ಅನೇಕರು ಅರಮನೆಯಲ್ಲಿಯೇ ಹತರಾದರು. ಆ ಅಪವಾದವು ರಾಣಿ ಸುಪಯಾಲಾತಳನ್ನು ಕಡೆಯವರೆಗೂ ಬಿಡಲಿಲ್ಲ. 1885ರ ನವೆಂಬರಿನಲ್ಲಿ ಆಂಗ್ಲಸೇನೆಯು ಐರಾವತಿ ನದಿಯ ಮಾರ್ಗವಾಗಿ ಬಂದು ರಾಜಧಾನಿಯನ್ನು ಹಿಡಿಯಿತು. ಯುದ್ಧವು ಒಂದು ತಿಂಗಳೂ ನಡೆಯಲಿಲ್ಲ. ಅರಸನನ್ನೂ ರಾಣಿಯನ್ನೂ ಇಬ್ಬರು ಎಳೆಯ ಕುಮಾರಿಯರನ್ನೂ ಹಡಗನ್ನೇರಿಸಿ ಮದರಾಸಿಗೆ ತಂದು, 1886ರಲ್ಲಿ ಅಲ್ಲಿಂದ ಕೊಂಕಣದ ರತ್ನಗಿರಿಗೆ ಸಾಗಿಸಿದರು. ಇನ್ನಿಬ್ಬರು ಹೆಣ್ಣುಮಕ್ಕಳು ಭರತಖಂಡದಲ್ಲಿಯೇ ಹುಟ್ಟಿದರು.

ಅರಸರನ್ನೂ ನಾಯಕರನ್ನೂ ಹುಟ್ಟಿದ ನೆಲದಿಂದ ಕಿತ್ತು ಕಡಲಾಚೆ ನೆಡುವುದು ಆ ಆಳ್ವಿಕೆಯ ನೀತಿಯಾಗಿತ್ತು. ದಿಲ್ಲಿಯ ಕಡೆಯ ಬಾದಶಹನು ರಂಗೂನಿನಲ್ಲಿ 1862ರಲ್ಲಿ ಮಡಿದನು. ರತ್ನಗಿರಿಯಲ್ಲಿ ಜನಿಸಿದ ಲೋಕಮಾನ್ಯ ತಿಲಕರು 1908ರಿಂದ 1914ರವರೆಗೆ ಮಂಡಾಲೆಯ ಸೆರೆಮನೆಯಲ್ಲಿದ್ದು ‘ಗೀತಾರಹಸ್ಯ’ವನ್ನು ಬರೆದರು. ಅದೇ ಕಾಲದಲ್ಲಿ ಮಂಡಾಲೆಯ ಅರಸನು ರತ್ನಗಿರಿಯ ಗುಡ್ಡದ ಮೇಲೆ ಕುಳಿತು ಕಡಲನ್ನು ನೋಡುತ್ತಿದ್ದನು. ತಿಲಕರು ಮರಳಿದರು, ಥೀಬಾನು ಮರಳಲಿಲ್ಲ. 1916ರ ಡಿಸೆಂಬರಿನಲ್ಲಿ ಅಲ್ಲಿಯೇ ತೀರಿಕೊಂಡನು. ಕಳೇಬರವನ್ನು ಸ್ವದೇಶಕ್ಕೆ ಒಯ್ಯಲೂ ಅಪ್ಪಣೆ ದೊರೆಯಲಿಲ್ಲ. ಅವನ ಸಮಾಧಿಯು ಇಂದಿಗೂ ರತ್ನಗಿರಿಯಲ್ಲಿಯೇ ಇದೆ.

1919ರಲ್ಲಿ, 33 ವರ್ಷಗಳಿಗೂ ಮೀರಿದ ವನವಾಸದ ಬಳಿಕ, ರಾಣಿಗೂ ಕುಮಾರಿಯರಿಗೂ ಮರಳುವ ಅನುಮತಿ ದೊರೆಯಿತು. ಆದರೆ ಅವರು ಬಿಟ್ಟುಹೋದದ್ದು ಒಂದು ರಾಜ್ಯವನ್ನು. ತಿರುಗಿ ಬಂದದ್ದು ಭಾರತ ಸರಕಾರದ ಒಂದು ಪ್ರಾಂತಕ್ಕೆ. ಮಂಡಾಲೆಯ ಅರಮನೆಯ ಆವರಣಕ್ಕೆ ‘ಡಫರಿನ್ ಕೋಟೆ’ಯೆಂಬ ಹೆಸರು ಬಿದ್ದಿತ್ತು. ರಾಣಿಯು ಉಳಿಯಬೇಕಾದುದು ರಂಗೂನಿನಲ್ಲಿ. ಸಿಂಹಾಸನದ ನೆರಳಿದ್ದ ಊರಿಗೆ ಅವಳನ್ನು ಬಿಡಲು ಸರಕಾರಕ್ಕೆ ಧೈರ್ಯವಿರಲಿಲ್ಲ. 1925ರಲ್ಲಿ ಅವಳು ಕಾಲವಾದಾಗ ಮಂಡಾಲೆಯಲ್ಲಿ ಸಮಾಧಿಗೂ ಸಮ್ಮತಿ ಸಿಗದೆ, ಶ್ವೇಡಗಾನ್ ಚೈತ್ಯದ ಸಮೀಪದಲ್ಲಿ ಅವಳನ್ನು ಮಣ್ಣುಮಾಡಿದರು.

ಹಿರಿಯ ಕುಮಾರಿಯ ಕಥೆ ಇದಕ್ಕೂ ಮನಮುಟ್ಟುವಂಥದು. ಮಂಡಾಲೆಯಲ್ಲಿ ಹುಟ್ಟಿದ ಅವಳಿಗೆ, ರತ್ನಗಿರಿಯ ಅರಮನೆಯಲ್ಲಿ ಚಾಕರಿಯಲ್ಲಿದ್ದ ಮರಾಠ ಗೃಹಸ್ಥನೊಬ್ಬನಿಂದ ಮಗಳೊಬ್ಬಳಿದ್ದಳು. ಆ ಮಗಳೊಡನೆ ಅವಳು ಬ್ರಹ್ಮದೇಶಕ್ಕೆ ಹೋದಳು. ಆದರೆ ಅಲ್ಲಿ ನಿಲ್ಲಲಿಲ್ಲ. ತಿರುಗಿ ರತ್ನಗಿರಿಗೇ ಬಂದು, ಬಡತನದಲ್ಲಿ ಬಾಳಿ, 1947ರಲ್ಲಿ ಅಲ್ಲಿಯೇ ಕಣ್ಣುಮುಚ್ಚಿದಳು.

ತಾಯಿಗೆ ಸೆರೆಯಾಗಿದ್ದ ಊರೇ ಮಗಳಿಗೆ ಮನೆಯಾಯಿತು. ಅರಸರನ್ನು ದೂರ ಸಾಗಿಸಿದವರು ರಾಜ್ಯವನ್ನು ಮಾತ್ರ ಕಸಿದುಕೊಂಡರೆಂದು ನಾವು ಎಣಿಸುತ್ತೇವೆ. ಅವರು ಕಸಿದುಕೊಂಡದ್ದು ಕಾಲವನ್ನೂ ಹೌದು. ರಾಜ್ಯವು ಎಂದಾದರೊಂದು ದಿನ ತಿರುಗಿ ಬರಬಹುದು, ಬ್ರಹ್ಮದೇಶಕ್ಕೆ 1948ರಲ್ಲಿ ಸ್ವಾತಂತ್ರ್ಯವು ಬಂದಂತೆ. ಒಂದು ಕುಟುಂಬವು ತನ್ನ ನೆಲದಲ್ಲಿ ಬಾಳದೆ ಕಳೆದ ವರ್ಷಗಳು ಮಾತ್ರ ಯಾವ ಅಪ್ಪಣೆಯಿಂದಲೂ ಮರಳಲಾರವು.