ಚೇಳಿನ ವಿಷ ಮತ್ತು ಅಯಾನು ಕಾಲುವೆ: ಗಡಿನಾಡ ಕನ್ನಡಿಗರು ತಿಳಿದಿರಬೇಕಾದ ಸಂಗತಿ

ಸೊಲ್ಲಾಪುರ, ಅಕ್ಕಲಕೋಟ ಭಾಗದ ಹಳ್ಳಿಗಳಲ್ಲಿ ಕಣಿಕೆಯ ಬಣವೆ ಕೀಳುವಾಗ, ಕುಳ್ಳಿನ ರಾಶಿಗೆ ಕೈಹಾಕುವಾಗ ಚೇಳು ಕುಟುಕುವುದು ಹೊಸ ಸಂಗತಿಯಲ್ಲ. ನೋವು ಇಳಿದರೆ ವಿಷವೂ ಇಳಿಯಿತೆಂದು ನಾವು ನಂಬುತ್ತೇವೆ. ಕೆಂಪು ಚೇಳಿನ ವಿಷಯದಲ್ಲಿ ಈ ನಂಬಿಕೆ ಪ್ರಾಣಾಂತಿಕವಾಗಬಲ್ಲದು. ಏಕೆಂದು ತಿಳಿಯಲು ಅಯಾನು ಕಾಲುವೆಗಳ ಪರಿಚಯ ಅಗತ್ಯ.

ಜೀವಕೋಶದ ಪೊರೆಯಲ್ಲಿ ಪ್ರೋಟೀನಿನಿಂದಾದ ಸೂಕ್ಷ್ಮ ದಾರಿಗಳಿವೆ. ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ, ಕ್ಲೋರೈಡ್ ಅಯಾನುಗಳು, ಅಂದರೆ ವಿದ್ಯುದಾವೇಶವುಳ್ಳ ಕಣಗಳು, ಇವುಗಳ ಮೂಲಕ ಸಾಗುತ್ತವೆ. ಹೊಲಗಾಲುವೆಯ ತೂಬಿನಂತೆ ಇವು ತೆರೆದು ಮುಚ್ಚುತ್ತವೆ. ಸೋಡಿಯಂ ಒಳನುಗ್ಗಿದಾಗ ನರದಲ್ಲಿ ಸಂಕೇತ ಹುಟ್ಟುತ್ತದೆ. ಪೊಟ್ಯಾಸಿಯಂ ಹೊರಬಿದ್ದಾಗ ನರ ಶಾಂತವಾಗುತ್ತದೆ. ಇದನ್ನು 1952ರಲ್ಲಿ ಹಾಡ್ಜ್‌ಕಿನ್ ಮತ್ತು ಹಕ್ಸ್‌ಲಿ ವಿವರಿಸಿದರು. ಒಂದೊಂದೇ ಕಾಲುವೆಯ ವಿದ್ಯುತ್ತನ್ನು ಅಳೆದ ನೇಹರ್ ಮತ್ತು ಸಾಕ್‌ಮನ್ ಅವರಿಗೆ 1991ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು.

ಈ ಕಾಲುವೆಗಳು ಹುಟ್ಟಿನಿಂದಲೇ ದೋಷಪೂರಿತವಾಗಿದ್ದರೆ ಕೆಲವು ಬಗೆಯ ಅಪಸ್ಮಾರ, ಹೃದಯಬಡಿತದ ಏರುಪೇರು, ಸಿಸ್ಟಿಕ್ ಫೈಬ್ರೋಸಿಸ್ ಮುಂತಾದ ರೋಗಗಳು ಬರುತ್ತವೆ. ಔಷಧಗಳೂ ಇವುಗಳ ಮೇಲೆ ಕೆಲಸ ಮಾಡುತ್ತವೆ: ಹಲ್ಲು ಕೀಳುವಾಗ ಕೊಡುವ ಲಿಗ್ನೊಕೇನ್ ಸೋಡಿಯಂ ಕಾಲುವೆಯನ್ನು, ರಕ್ತದೊತ್ತಡದ ಆಮ್ಲೊಡಿಪಿನ್ ಕ್ಯಾಲ್ಸಿಯಂ ಕಾಲುವೆಯನ್ನು ತಡೆಯುತ್ತದೆ.

ಕೆಂಪು ಚೇಳಿನ ವಿಷ ಮಾಡುವುದು ಇದಕ್ಕೆ ವಿರುದ್ಧವಾದ ಕೆಲಸ. ಅದು ಸೋಡಿಯಂ ಕಾಲುವೆಗಳನ್ನು ಸಕಾಲದಲ್ಲಿ ಮುಚ್ಚಗೊಡುವುದಿಲ್ಲ. ಅದರಲ್ಲಿರುವ ಐಬೀರಿಯೊಟಾಕ್ಸಿನ್ ಒಂದು ಬಗೆಯ ಪೊಟ್ಯಾಸಿಯಂ ಕಾಲುವೆಯನ್ನು ಕಟ್ಟಿಹಾಕುತ್ತದೆ. ನರಗಳು ಬಿಡುವಿಲ್ಲದೆ ಉದ್ರೇಕಗೊಂಡು, ಅಡ್ರಿನಲಿನ್‌ನಂಥ ರಾಸಾಯನಿಕಗಳು ರಕ್ತಕ್ಕೆ ಹರಿಯುತ್ತವೆ. ಹೃದಯ ಬಳಲುತ್ತದೆ, ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಇಂಥ ರೋಗಿಗೆ ಕುಟುಕಿದಲ್ಲಿ ನೋವು ಕಡಿಮೆಯೇ ಇರಬಹುದು. ವಾಂತಿ, ಮೈಯೆಲ್ಲ ಬೆವರು, ಜೊಲ್ಲು, ತಣ್ಣಗಾದ ಕೈಕಾಲು ಇವೇ ಅಪಾಯದ ಮುನ್ಸೂಚನೆಗಳು.

ರಾಯಗಡ ಜಿಲ್ಲೆಯ ಮಹಾಡದ ವೈದ್ಯ ಡಾ. ಹಿಮ್ಮತರಾವ್ ಬಾವಸ್ಕರ್ ಈ ಲಕ್ಷಣಗಳನ್ನು ವರ್ಷಗಟ್ಟಲೆ ಅಭ್ಯಸಿಸಿ, ಪ್ರಜೋಸಿನ್ ಮಾತ್ರೆಯ ಉಪಯೋಗವನ್ನು 1986ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಅದು ಕಾಲುವೆಯನ್ನು ಮುಚ್ಚುವುದಿಲ್ಲ. ರಾಸಾಯನಿಕಗಳ ಹೊಡೆತದಿಂದ ರಕ್ತನಾಳಗಳನ್ನೂ ಹೃದಯವನ್ನೂ ಕಾಪಾಡುತ್ತದೆ. ಪ್ರಜೋಸಿನ್ ಜೊತೆ ಪ್ರತಿವಿಷವನ್ನೂ ಕೊಟ್ಟರೆ ಚೇತರಿಕೆ ಇನ್ನೂ ಬೇಗವೆಂದು 2011ರ ಅವರ ಅಧ್ಯಯನ ತೋರಿಸಿತು. 2022ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು.

ಮಂತ್ರ ಹಾಕಿಸಿದ ಬಳಿಕ ನೋವು ಇಳಿಯಬಹುದು. ತೆರೆದ ಕಾಲುವೆ ಅದರಿಂದ ಮುಚ್ಚುವುದಿಲ್ಲ. ಆದ್ದರಿಂದ ಕುಟುಕಿದ ಜಾಗವನ್ನು ಕೊಯ್ಯದೆ, ಕಾಲಹರಣ ಮಾಡದೆ, ವಿಶೇಷವಾಗಿ ಮಕ್ಕಳನ್ನು, ಹತ್ತಿರದ ಸರಕಾರಿ ಆಸ್ಪತ್ರೆಗೆ ಒಯ್ಯಬೇಕು. ಮಾತ್ರೆಯನ್ನು ವೈದ್ಯರೇ ನಿರ್ಧರಿಸಬೇಕು. ಮನೆಯಲ್ಲಿ ಕನ್ನಡವನ್ನೇ ಆಡುವ ನಮ್ಮ ತಾಯಂದಿರು ಅಲ್ಲಿ 'ವಿಂಚೂ ಚಾವಲಾ' ಎಂದು ಹೇಳಿ, ಕುಟುಕಿದ ಹೊತ್ತನ್ನು ತಿಳಿಸಿದರೂ ಸಾಕು. ಕನ್ನಡ ಶಾಲೆಯ ಪ್ರತಿ ಮಗುವಿಗೂ ಇಷ್ಟನ್ನು ಅದರ ತಾಯ್ನುಡಿಯಲ್ಲೇ ಕಲಿಸುವುದು ಶಿಕ್ಷಕರಾದ ನಮ್ಮ ಹೊಣೆ.