ಬಿತ್ತಿದ ಮೀನು, ಬತ್ತಿದ ಮೀನು

ಮೀನು ಹಿಡಿಯುವುದು ಹೊಟ್ಟೆಪಾಡೂ ಹೌದು, ವಿನೋದವೂ ಹೌದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅರಸರ ವಿನೋದಗಳನ್ನು ಹೇಳುವಾಗ ಗಾಳದ ಬೇಟೆಗೂ ಒಂದು ಅಧ್ಯಾಯವನ್ನು ಮೀಸಲಿಟ್ಟಿದ್ದಾನೆ. ಆದರೆ ನೀರಿನಲ್ಲಿರುವ ಮೀನನ್ನು ಹಿಡಿಯುವುದು ಒಂದು ಮಾತು. ಹಿಡಿಯುವ ಆಸೆಗಾಗಿ ಇಲ್ಲದ ಮೀನನ್ನು ತಂದು ನೀರಿಗೆ ಬಿಡುವುದು ಬೇರೆಯೇ ಮಾತು. ಈ ಎರಡನೆಯದರ ಫಲವೇನೆಂಬುದನ್ನು ತಿಳಿಯಬೇಕಾದರೆ ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದ ಕ್ಲಿಯರ್ ಲೇಕ್ ಎಂಬ ಸರೋವರದ ಚರಿತ್ರೆಯನ್ನು ನೋಡಬೇಕೆಂದು ನನಗೆ ತೋರುತ್ತದೆ.

ಸಂಪೂರ್ಣವಾಗಿ ಕ್ಯಾಲಿಫೋರ್ನಿಯದ ಗಡಿಯೊಳಗೇ ಇರುವ ಸ್ವಾಭಾವಿಕ ಸಿಹಿನೀರಿನ ಸರೋವರಗಳಲ್ಲಿ ಇದೇ ದೊಡ್ಡದು. ವಸಂತ ಬಂತೆಂದರೆ ಇಲ್ಲಿ ಗಾಳಗಾರರ ಸಂಭ್ರಮ. ಅವರು ಅರಸಿ ಬರುವ ಮೀನುಗಳಲ್ಲಿ ಕ್ರಾಪಿ ಎಂಬುದೊಂದು. ಅಂಗೈಯಗಲದ, ಚಪ್ಪಟೆ ಮೈಯ, ರುಚಿಗೆ ಹೆಸರಾದ ಮೀನು. ನೀರಿನ ಉಷ್ಣತೆ 15ರಿಂದ 20 ಡಿಗ್ರಿ ಸೆಲ್ಸಿಯಸ್ ಮುಟ್ಟಿತೆಂದರೆ ಆಳದಿಂದ ದಡದ ತೆಳುನೀರಿಗೆ ಬರುತ್ತದೆ. ಗಂಡುಮೀನು ತಳವನ್ನು ಗುಡಿಸಿ ಗೂಡು ಮಾಡುತ್ತದೆ. ಹೆಣ್ಣು ಮೊಟ್ಟೆಯಿಟ್ಟು ಹೋದಮೇಲೆ ಕಾವಲು ನಿಲ್ಲುವುದೂ ಗಂಡೇ. ಹಾಗೆ ದಡಕ್ಕೆ ಬಂದಾಗಲೇ ಅದು ಸುಲಭವಾಗಿ ಗಾಳಕ್ಕೆ ಸಿಕ್ಕುವುದು.

ಆದರೆ ಕ್ರಾಪಿ ಈ ಸರೋವರದ ಮೀನಲ್ಲ. ಅದರ ತವರು ಅಮೆರಿಕದ ಪೂರ್ವಾರ್ಧ. ಇಲ್ಲಿನ ವಸಂತದ ಮೀನು ಬೇರೆಯೇ ಇತ್ತು. ಈ ತೀರದಲ್ಲಿ ಸಾವಿರಾರು ವರ್ಷಗಳಿಂದ ಬಾಳಿದ ಪೋಮೋ ಜನ ಅದನ್ನು ‘ಚೀ’ ಎನ್ನುತ್ತಾರೆ. ಇಂಗ್ಲಿಷರ ಬಾಯಲ್ಲಿ ಅದು ‘ಹಿಚ್’. ವಸಂತದಲ್ಲಿ ಚೀ ಮೀನು ಸರೋವರವನ್ನು ಬಿಟ್ಟು ಹಳ್ಳಗಳನ್ನು ಹಿಡಿದು ಮೇಲಕ್ಕೆ ಏರುತ್ತಿತ್ತು. ಪೋಮೋ ಜನ ಅದನ್ನು ರಾಶಿರಾಶಿಯಾಗಿ ಹಿಡಿದು, ಒಣಗಿಸಿ, ವರ್ಷದ ಆಹಾರಕ್ಕೆ ಇಟ್ಟುಕೊಳ್ಳುತ್ತಿದ್ದರು.

ಮೊದಲು ಕುಸಿದದ್ದು ಮೀನಲ್ಲ, ಮನುಷ್ಯರು. ಪೋಮೋ ಜನರನ್ನು ಗುಲಾಮರಂತೆ ದುಡಿಸಿ ಹಿಂಸಿಸುತ್ತಿದ್ದ ಇಬ್ಬರು ಬಿಳಿಯರು 1849ರಲ್ಲಿ ಅವರಿಂದಲೇ ಹತರಾದರು. ಅದರ ಸೇಡಿಗಾಗಿ 1850ರ ಮೇ ತಿಂಗಳಲ್ಲಿ ಅಮೆರಿಕದ ಸೈನ್ಯ ಸರೋವರದ ಉತ್ತರದ ತುದಿಯ ದ್ವೀಪವೊಂದರಲ್ಲಿ ಹೆಂಗಸರು ಮಕ್ಕಳೆನ್ನದೆ ಕೊಂದುಹಾಕಿತು. ಆ ಸ್ಥಳಕ್ಕೆ ‘ರಕ್ತದ್ವೀಪ’ವೆಂಬ ಹೆಸರು ಉಳಿದಿದೆ.

ಆಮೇಲೆ ಬಂದದ್ದು ಮೀನು ಬಿತ್ತುವ ಯುಗ. ಕ್ಯಾಲಿಫೋರ್ನಿಯದಲ್ಲಿ 1870ರಲ್ಲಿ ಮೀನುಗಾರಿಕೆಯ ಆಯೋಗವೊಂದು ಹುಟ್ಟಿತು. ಮರುವರ್ಷ ಸ್ಪೆನ್ಸರ್ ಬೇರ್ಡನ ನೇತೃತ್ವದಲ್ಲಿ ದೇಶಕ್ಕೆಲ್ಲ ಒಂದು ಆಯೋಗವಾಯಿತು. ಜೂಲಿಯಸ್ ಪೋಪೆ ಎಂಬಾತ 1872ರಲ್ಲಿ ಜರ್ಮನಿಯಿಂದ ಸೊನೋಮಕ್ಕೆ ಕಾರ್ಪ್ ಮೀನು ತಂದ. ದಾರಿಯಲ್ಲಿ ಸತ್ತು ಉಳಿದವು ಐದೇ. 1873ರಲ್ಲಿ ಲಿವಿಂಗ್‌ಸ್ಟನ್ ಸ್ಟೋನ್ ಪೂರ್ವದ ಮೀನುಗಳನ್ನು ರೈಲಿನಲ್ಲಿ ತುಂಬಿ ಹೊರಟಾಗ ನೆಬ್ರಾಸ್ಕದಲ್ಲಿ ಸೇತುವೆ ಮುರಿದು ಗಾಡಿ ನದಿಗೆ ಬಿತ್ತು. ಆತ ಎದೆಗುಂದಲಿಲ್ಲ, 1874ರಲ್ಲಿ ಮತ್ತೆ ಹೊರಟು ಗೆದ್ದ. ಇವರು ಕೆಟ್ಟವರಲ್ಲ. ಬರಿದಾದ ನೀರಿನಲ್ಲಿ ಆಹಾರ ಬೆಳೆಯಬೇಕೆಂಬ ಉತ್ಸಾಹ ಅವರದು. ಹೊಲಕ್ಕೆ ಬೀಜ ಹೇಗೋ ನೀರಿಗೆ ಮೀನು ಹಾಗೆ ಎಂದು ನಂಬಿದ್ದರು. 19ನೆಯ ಶತಮಾನದ ಕೊನೆಗೆ ಕ್ಲಿಯರ್ ಲೇಕಿಗೆ ಕಾರ್ಪ್ ಬಂತು, ಬಾಸ್ ಬಂತು. 20ನೆಯ ಶತಮಾನದ ಆರಂಭದಲ್ಲಿ ಕ್ರಾಪಿಯೂ ಬಂತು.

ವಿಹಾರಕ್ಕೆ ಬರುವವರಿಗೆ ಇಲ್ಲಿನ ನುಸಿಯ ಕಾಟ ಸಹಿಸದಾಯಿತು. ಅದು ಕಚ್ಚುವ ನುಸಿಯೂ ಅಲ್ಲ. ಆದರೂ ಅದನ್ನು ಕೊಲ್ಲಲು 1949, 1954 ಮತ್ತು 1957ರಲ್ಲಿ ಡಿಡಿಟಿಯ ದಾಯಾದಿಯಾದ ಡಿಡಿಡಿ ಎಂಬ ವಿಷವನ್ನು ನೀರಿಗೆ ಬೆರೆಸಿದರು. ಮೊದಲ ಸಲ ಏಳು ಕೋಟಿ ಭಾಗ ನೀರಿಗೆ ಒಂದೇ ಭಾಗ ವಿಷ; ಅಷ್ಟರಿಂದೇನು ಎನಿಸೀತು. ಆದರೆ ಅದು ಸಣ್ಣ ಜೀವಿಗಳಿಂದ ಮೀನಿಗೆ, ಮೀನಿನಿಂದ ಗ್ರೀಬ್ ಎಂಬ ಮುಳುಗುಹಕ್ಕಿಗೆ ಏರುತ್ತ ಹೆಚ್ಚುತ್ತ ಹೋಯಿತು. ಸಾವಿರಕ್ಕೂ ಮಿಕ್ಕಿದ್ದ ಹಕ್ಕಿಯ ಜೋಡಿಗಳು 1960ರ ಹೊತ್ತಿಗೆ ಮೂವತ್ತರಷ್ಟಾದವು. ರೇಚೆಲ್ ಕಾರ್ಸನ್ ತಮ್ಮ 1962ರ ‘ಸೈಲೆಂಟ್ ಸ್ಪ್ರಿಂಗ್’ ಗ್ರಂಥದಲ್ಲಿ ಈ ದುರಂತವನ್ನು ಲೋಕಕ್ಕೆ ತಿಳಿಸಿದರು.

ವಿಷ ಬೇಡವೆಂದಾಗ ಹೊಳೆದ ಉಪಾಯ ಮತ್ತೆ ಮೀನೇ! 1967ರಲ್ಲಿ ನುಸಿಯ ಮರಿಗಳನ್ನು ತಿನ್ನಲೆಂದು ಸಿಲ್ವರ್‌ಸೈಡ್ ಎಂಬ ಪುಟ್ಟ ಮೀನನ್ನು ಬಿಟ್ಟರು. ಕೆಲವೇ ವರ್ಷಗಳಲ್ಲಿ ಸರೋವರದಲ್ಲೆಲ್ಲ ಅದೇ ತುಂಬಿಕೊಂಡಿತು. ಚೀ ಮರಿಗೂ ಕ್ರಾಪಿ ಮರಿಗೂ ಬೇಕಾದ ಸೂಕ್ಷ್ಮಜೀವಿಗಳೇ ಅದರ ಆಹಾರ. ಬಿತ್ತಿದ ಮೀನಿಗೆ ಬಿತ್ತಿದ ಮೀನೇ ಪ್ರತಿಸ್ಪರ್ಧಿಯಾಯಿತು.

ಲೆಕ್ಕ ನೋಡೋಣ. ಇಲ್ಲಿದ್ದ ಥಿಕ್‌ಟೇಲ್ ಚಬ್ ಎಂಬ ಮೀನು ಇಡೀ ಭೂಮಿಯಿಂದಲೇ ಅಳಿದಿದೆ. ಸ್ಪ್ಲಿಟ್‌ಟೇಲ್ ಎಂಬ ಇನ್ನೊಂದಕ್ಕೆ ವಿದ್ವಾಂಸರು ಬೇರೆ ಜಾತಿಯೆಂದು ಹೆಸರಿಟ್ಟದ್ದು 1973ರಲ್ಲಿ. ಆ ದಶಕದ ಈಚೆಗೆ ಅದು ಕಂಡಿಲ್ಲ. ನಾಮಕರಣವೂ ತಿಥಿಯೂ ಒಟ್ಟಿಗೇ ಆದಂತಾಯಿತು. ಚೀ ಮೀನನ್ನು 2014ರಲ್ಲಿ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿದರು. ತಪ್ಪೆಲ್ಲ ಬಿತ್ತನೆಯದೇ ಅಲ್ಲ. ಹಳ್ಳಗಳಿಗೆ ಅಡ್ಡಗಟ್ಟಿದ್ದು, ನೀರೆತ್ತಿ ಬತ್ತಿಸಿದ್ದು, ಎಲ್ಲವೂ ಸೇರಿದೆ. ಹಾಗೆಂದು ಬಿತ್ತನೆಯ ಪಾಲೇನೂ ಕಡಮೆಯಲ್ಲ.

ಇದು ದೂರದ ಕಥೆಯೆಂದು ನಾವು ನಿಶ್ಚಿಂತರಾಗಿರುವಂತಿಲ್ಲ. ನಮ್ಮ ಕಾವೇರಿಯ ಗೂನುಬೆನ್ನಿನ ಮಹಶೀರ್ ಜಗತ್ತಿನ ಗಾಳಗಾರರನ್ನೆಲ್ಲ ಸೆಳೆದ ಮೀನು. 1970ರ ದಶಕದಿಂದ ಲೋಣಾವಳದ ಮರಿಕೇಂದ್ರದಲ್ಲಿ ಬೆಳೆಸಿದ ಬೇರೆ ಜಾತಿಯ ಮಹಶೀರನ್ನು, ಒಳ್ಳೆಯ ಉದ್ದೇಶದಿಂದಲೇ, ಕಾವೇರಿಗೆ ಬಿಡುತ್ತ ಬಂದರು. ಬಂದದ್ದು ಹೆಚ್ಚಿತು, ಇದ್ದದ್ದು ಸೊರಗಿತು. ನಮ್ಮ ಮೀನಿನ ಶಾಸ್ತ್ರೀಯ ಹೆಸರು ಖಚಿತವಾದದ್ದು 2018ರಲ್ಲಿ. ಅಷ್ಟರಲ್ಲಿ ಅದು ಅಳಿವಿನ ಅಂಚಿಗೆ ಬಂದಿತ್ತು.

ಹೊಲದಲ್ಲಿ ತಪ್ಪು ಬೀಜ ಬಿತ್ತಿದರೆ ಮರುವರ್ಷ ಉತ್ತು ತೆಗೆಯಬಹುದು. ನೀರಿಗೆ ನೇಗಿಲಿಲ್ಲ. ಮೀನುಮರಿಯ ಬುಟ್ಟಿ ಹೊತ್ತು ದಡಕ್ಕೆ ಬಂದವನು ಬಗ್ಗುವ ಮೊದಲು ಕೇಳಬೇಕಾದದ್ದು ಇಷ್ಟೇ: ಈ ನೀರಿನಲ್ಲಿ ಈಗಾಗಲೇ ಯಾರಿದ್ದಾರೆ?